ಇದ್ದಂತೆ ಬರೆದ ಮುಖ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಗೆ ಎಡೆದೊರೆ ನಾಡೆಂಬ ಹಳೆಯ ಹೆಸರುಂಟು. ಆ ಸೀಮೆಯಲ್ಲಿ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ, ಮಸ್ಕಿ ಎಂಬ ಊರು ಸಿಗುತ್ತದೆ. ಊರಿಗೆ ಹೊಂದಿಕೊಂಡ ಗುಡ್ಡದ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವಿದೆ. 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬಾತನು ಇದನ್ನು ಕಂಡು ಬೆಳಕಿಗೆ ತಂದನು. ಅದಕ್ಕೆ ಮೊದಲು ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. ಆ ಬಿರುದುಗಳ ಒಡೆಯನು ಅಶೋಕನೇ ಎಂಬುದನ್ನು ಮಸ್ಕಿಯ ಬಂಡೆ ಜಗತ್ತಿಗೆ ತಿಳಿಸಿತು.

ಹೆಸರು ದೊರೆಯಿತು, ಆದರೆ ಮುಖ ದೊರೆಯಲಿಲ್ಲ. ಅಶೋಕನ ಹಣೆ ಅಗಲವಾಗಿತ್ತೆ, ಮೂಗು ಚೂಪಾಗಿತ್ತೆ, ಕಳಿಂಗದ ಯುದ್ಧವನ್ನು ಕಂಡ ಕಣ್ಣುಗಳು ಹೇಗಿದ್ದುವು ಎಂಬುದನ್ನು ಯಾವ ಬಂಡೆಯೂ ಹೇಳುವುದಿಲ್ಲ. 1990ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ ನಡೆದ ಉತ್ಖನನದಲ್ಲಿ ಒಂದು ಶಿಲಾಫಲಕ ಸಿಕ್ಕಿತು. ಅದರಲ್ಲಿ ಅರಸನೊಬ್ಬನು ರಾಣಿಯೊಡನೆ, ಪರಿವಾರದೊಡನೆ ನಿಂತಿದ್ದಾನೆ. ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ. ಆದರೆ ಆ ಫಲಕವನ್ನು ಕಡೆದ ಶಿಲ್ಪಿ ಅಶೋಕನನ್ನು ಕಂಡವನಲ್ಲ. ಅವನು ಹುಟ್ಟುವ ವೇಳೆಗೆ ಅಶೋಕನ ಕಾಲ ಮುಗಿದು ಬಹಳ ವರ್ಷಗಳಾಗಿದ್ದುವು. ಅರಸನೆಂದರೆ ಹೇಗಿರಬೇಕೋ ಹಾಗೆ ಅವನು ಕಡೆದನು. ಯಾವ ಅರಸನೆಂಬುದನ್ನು ಅಕ್ಷರಗಳಿಂದ ಸೂಚಿಸಿದನು.

ಇಂಥದೇ ಇನ್ನೊಂದು ನಿದರ್ಶನವೂ ಉಂಟು. ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಿಜಾಪುರದ ಆದಿಲಶಾಹಿ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದನು. ಆ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ರಾಯನನ್ನು ಹತ್ತಿರದಿಂದ ಕಂಡು ವರ್ಣಿಸಿದ್ದಾನೆ. ರಾಯನು ಮಧ್ಯಮ ಎತ್ತರದವನು, ತುಸು ಸ್ಥೂಲಕಾಯನು, ಮುಖದ ಮೇಲೆ ಸಿಡುಬಿನ ಕಲೆಗಳಿದ್ದುವು ಎಂದು ಅವನು ಬರೆದಿಟ್ಟಿದ್ದಾನೆ. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನದೂ ಅವನ ಇಬ್ಬರು ರಾಣಿಯರದೂ ಲೋಹದ ಪ್ರತಿಮೆಗಳಿವೆ. ಕೈಮುಗಿದು ನಿಂತ ರಾಯನ ಮುಖ ನುಣುಪಾಗಿದೆ. ಸಿಡುಬಿನ ಗುರುತು ಅಲ್ಲಿಲ್ಲ. ಅಲ್ಲಿಯೂ ಹೆಸರನ್ನು ಕೊರೆದು ತಿಳಿಸಿದ್ದಾರೆ.

ಇದನ್ನು ಶಿಲ್ಪಿಯ ಅಸಾಮರ್ಥ್ಯವೆಂದು ತಿಳಿಯಲಾಗದು. ದೇವರ ಎದುರಿಗೆ ನಿಂತ ಭಕ್ತನ ಭಾವವನ್ನು ತೋರಿಸುವುದು ಆ ಶಿಲ್ಪಿಯ ಉದ್ದೇಶವಾಗಿತ್ತು. ದೇಹದ ಕುಂದುಗಳನ್ನು ಕಳೆದು, ಲಕ್ಷಣಕ್ಕೆ ತಕ್ಕಂತೆ ರೂಪವನ್ನು ತಿದ್ದುವುದು ಅವನ ಸಂಪ್ರದಾಯದ ರೀತಿ. ಆ ರೀತಿಗೆ ಅದರದೇ ಆದ ಗಾಂಭೀರ್ಯವಿದೆ. ಆದರೆ ಪಾಯೆಸನು ನಾಲ್ಕು ಮಾತಿನಲ್ಲಿ ಬರೆದದ್ದು ಬೇರೊಂದು ರೀತಿಯ ಚಿತ್ರ. ಅದನ್ನು ಓದಿದಾಗ, ಬಾಲ್ಯದಲ್ಲೆಂದೋ ಭಯಂಕರವಾದ ಕಾಯಿಲೆಯೊಂದರಿಂದ ಪಾರಾಗಿ ಬಂದ ಒಬ್ಬ ಮನುಷ್ಯನು ಕಣ್ಣಿಗೆ ಕಟ್ಟುತ್ತಾನೆ. ಈ ಎರಡನೆಯ ರೀತಿಯ ಚಿತ್ರಕ್ಕೆ ತೈಲವರ್ಣವು ಬಲು ಒಗ್ಗುವ ಸಾಧನವಾಯಿತು.

ಯುರೋಪಿನಲ್ಲಿ ಹದಿನೈದನೆಯ ಶತಮಾನದ ಚಿತ್ರಕಾರರು, ಅವರಲ್ಲಿಯೂ ಫ್ಲಾಂಡರ್ಸ್ ಸೀಮೆಯ ಯಾನ್ ವಾನ್ ಐಕ್, ಎಣ್ಣೆಯಲ್ಲಿ ಅರೆದ ಬಣ್ಣಗಳ ಬಳಕೆಯನ್ನು ಬಹಳ ಮುಂದಕ್ಕೆ ಒಯ್ದರು. 1433ರಲ್ಲಿ ವಾನ್ ಐಕ್ ಬರೆದ ಪುಟ್ಟ ಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ತಲೆಗೆ ಕೆಂಪು ರುಮಾಲು ಸುತ್ತಿಕೊಂಡ ಒಬ್ಬ ಗಂಡಸಿನ ಮುಖ ಅದು. ಕಣ್ಣಂಚಿನ ನೆರಿಗೆಗಳು, ಗಲ್ಲದ ಮೇಲಿನ ಕುರುಚಲು ಗಡ್ಡ, ಎಲ್ಲವೂ ಅಲ್ಲಿ ಇದ್ದಂತೆ ಇವೆ. ಸಿಂಧನೂರಿನ ಸಂತೆಯಲ್ಲಿ ರುಮಾಲು ಸುತ್ತಿಕೊಂಡು ನಿಂತ ರೈತನ ಮುಖವನ್ನು ಹಾಗೆಯೇ ನೋಡಿದರೆ ಅದೂ ಅಷ್ಟೇ ಘನವಾಗಿ ಕಂಡೀತು.

ಕನ್ನಡ ನಾಡಿಗೆ ಈ ವಿದ್ಯೆ ಅರಮನೆಗಳ ಬಾಗಿಲಿನಿಂದ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಮೈಸೂರು ಸೀಮೆಗೆ ಬಂದು ದಿವಾನ್ ಪೂರ್ಣಯ್ಯನವರ ತೈಲಚಿತ್ರವನ್ನು ಬರೆದನು. ಮುಂದೆ ಕೇರಳದ ರಾಜಾ ರವಿವರ್ಮರು ಮೈಸೂರಿನ ಅರಸರಿಗಾಗಿ ಚಿತ್ರಗಳನ್ನು ಬರೆದರು. 1934ರಿಂದ ಸುಮಾರು ಹತ್ತು ವರ್ಷಗಳ ಕಾಲ ಕೆ. ಕೇಶವಯ್ಯ, ಎಸ್. ಎನ್. ಸ್ವಾಮಿ, ವೈ. ಸುಬ್ರಹ್ಮಣ್ಯರಾಜು ಮೊದಲಾದವರು ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಿಗಾಗಿ ದಸರಾ ಮೆರವಣಿಗೆಯನ್ನು ತೈಲವರ್ಣದಲ್ಲಿ ಚಿತ್ರಿಸಿದರು. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದ ಆ ಸಾಲಿನಲ್ಲಿ ಆನೆ, ಅಂಬಾರಿ, ಅರಸರಷ್ಟೇ ಅಲ್ಲ, ಮೆರವಣಿಗೆಯಲ್ಲಿ ನಡೆದವರೂ ನೋಡಲು ನೆರೆದವರೂ ಇದ್ದಾರೆ. ಉತ್ತರದಲ್ಲಿ, ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಕಲಾಶಾಲೆಗಳನ್ನು ನಡೆಸಿ ಅನೇಕರಿಗೆ ಚಿತ್ರಕಲೆಯನ್ನು ಕಲಿಸಿದರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮದರಾಸು, ಮುಂಬಯಿಗಳಲ್ಲಿ ಕಲಿತು ಚಲನಚಿತ್ರಗಳ ಭಿತ್ತಿಪತ್ರಗಳಿಂದಲೂ ಪುರಾಣದ ಚಿತ್ರಗಳಿಂದಲೂ ದೇಶದಲ್ಲೆಲ್ಲ ಪ್ರಸಿದ್ಧರಾದರು. ಅವರು 1993ರಲ್ಲಿ ನಿಧನರಾದರು. ಅವರ ಚಿತ್ರಗಳು ಕ್ಯಾಲೆಂಡರುಗಳಲ್ಲಿ ಅಚ್ಚಾಗಿ, ಎಣ್ಣೆಯ ಬಣ್ಣವನ್ನೇ ಕಾಣದ ಹಳ್ಳಿಯ ಮನೆಗಳ ಗೋಡೆಗಳನ್ನು ಸೇರಿದುವು.

ಎಡೆದೊರೆ ನಾಡಿನ ಒಕ್ಕಲು ಮನೆಗಳಲ್ಲಿ ತೈಲಚಿತ್ರವಿರುವುದು ಅಪರೂಪ. ರಾಯಚೂರು ಜಿಲ್ಲೆಯು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1956ರಲ್ಲಿ ಕನ್ನಡ ನಾಡಿನ ಉಳಿದ ಭಾಗಗಳೊಡನೆ ಒಂದಾಯಿತು. ಮಳೆ ಕಡಿಮೆಯಾದ ಈ ಸೀಮೆಯ ರೈತನಿಗೆ ಗೋಡೆಯ ಮೇಲೆ ತನ್ನ ಮುಖ ತೂಗಬೇಕೆಂಬ ಯೋಚನೆ ಬರುವ ಮೊದಲು ಚಿಂತಿಸಬೇಕಾದ ಬೇರೆ ಸಂಗತಿಗಳು ಎಷ್ಟೋ ಇದ್ದುವು. ಅನೇಕರ ಮುಖವು ಜೀವಮಾನದಲ್ಲಿ ಒಂದೆರಡು ಸಲ ಮಾತ್ರ ಛಾಯಾಚಿತ್ರದಲ್ಲಿ ಮೂಡುತ್ತಿತ್ತು: ಮದುವೆಯಲ್ಲೊಮ್ಮೆ, ಸರ್ಕಾರದ ಕಾಗದಪತ್ರಕ್ಕಾಗಿ ಇನ್ನೊಮ್ಮೆ. ಮನೆಯ ಹಿರಿಯರು ತೀರಿಕೊಂಡ ಮೇಲೆ, ಹೆಬ್ಬೆರಳಿನಷ್ಟಿರುವ ಆ ಚಿತ್ರವನ್ನು ಪಟ್ಟಣಕ್ಕೆ ತಂದು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹೂಮಾಲೆ ತೊಡಿಸುವುದು ರೂಢಿಯಾಯಿತು.

ವಿಚಿತ್ರವೆಂದರೆ, ತೈಲಚಿತ್ರಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹುಭಾಗ ಈ ಸೀಮೆಯ ಹೊಲಗಳಿಗೆ ಪರಕೀಯವಲ್ಲ. ಬಣ್ಣವನ್ನು ಅರೆಯುವ ಮುಖ್ಯವಾದ ಎಣ್ಣೆ ಅಗಸೆಯ ಎಣ್ಣೆ. ಹಿಂಗಾರಿಯಲ್ಲಿ ಎರೆಭೂಮಿಯಲ್ಲಿ ನೀಲಿ ಹೂ ಬಿಡುವ, ಚಟ್ನಿಪುಡಿಯಾಗಿ ಜೋಳದ ರೊಟ್ಟಿಯ ಪಕ್ಕಕ್ಕೆ ಬರುವ ಅಗಸೆಯೇ ಅದು. ಬಿಳಿಯ ಬಣ್ಣ ಹಳದಿಗೆ ತಿರುಗದಂತೆ ಅದನ್ನು ಅನೇಕ ವೇಳೆ ಕುಸುಬೆಯ ಎಣ್ಣೆಯಲ್ಲಿ ಅರೆಯುತ್ತಾರೆ. ಕುಸುಬೆಯೂ ಇಲ್ಲಿಯ ಬೆಳೆ. ಚಿತ್ರವನ್ನು ಬರೆಯುವ ಕ್ಯಾನ್ವಾಸ್ ಅಗಸೆಯ ನಾರಿನ ಬಟ್ಟೆಯಾಗಿರಬಹುದು, ಇಲ್ಲವೇ ಹತ್ತಿಯ ಬಟ್ಟೆಯಾಗಿರಬಹುದು. ಹತ್ತಿಯಂತೂ ರಾಯಚೂರಿನ ಹೆಸರಿನೊಡನೆಯೇ ಬರುವ ಮಾತು. ಮುಖವನ್ನು ಬರೆಯಲು ಬೇಕಾದ ಹಳದಿ, ಕೆಂಪು, ಕಂದು ವರ್ಣಗಳು ಕಬ್ಬಿಣದ ಅಂಶವುಳ್ಳ ಮಣ್ಣಿನಿಂದ ಬಂದುವು. ಹಳದಿ ಮಣ್ಣನ್ನು ಸುಟ್ಟರೆ ಅದು ಕೆಂಪಾಗುತ್ತದೆ. ಅಂಥ ಕೆಮ್ಮಣ್ಣಿನಿಂದ ಇತಿಹಾಸಪೂರ್ವ ಕಾಲದ ಜನರು ಬರೆದ ಚಿತ್ರಗಳು ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇಂದಿಗೂ ಇವೆ.

ಅಗಸೆ ಎಣ್ಣೆಯ ಗುಣವೊಂದನ್ನು ಇಲ್ಲಿ ಹೇಳಬೇಕು. ನೀರಿನಂತೆ ಅದು ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ಮೆಲ್ಲಮೆಲ್ಲನೆ ಗಟ್ಟಿಯಾಗಿ, ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದಿಟ್ಟು, ತೆಳುವಾದ ಪೊರೆಯಾಗುತ್ತದೆ. ಮೇಲ್ಮೈ ಮುಟ್ಟುವಷ್ಟು ಒಣಗಲು ಕೆಲವು ದಿನಗಳು ಬೇಕು. ಒಳಗಿನವರೆಗೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ನಿಧಾನವೇ ಚಿತ್ರಕಾರನಿಗೆ ವರ. ಕೆನ್ನೆಯ ಬೆಳಕು ನೆರಳಿನೊಳಗೆ ಕರಗುವ ಅಂಚನ್ನು ಅವನು ಇಂದು ಬರೆದು, ತೃಪ್ತಿಯಾಗದಿದ್ದರೆ ನಾಳೆ ತಿದ್ದಬಹುದು. ಆದರೆ ಒಂದು ನಿಯಮವನ್ನು ಮೀರಬಾರದು: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚು ಇರಬೇಕು. ಇದು ತಲೆಕೆಳಗಾದರೆ, ಮೊದಲು ಒಣಗಿದ ಮೇಲ್ಪದರವು ಬೇಸಗೆಯ ಎರೆಹೊಲದಂತೆ ಬಿರಿಯುತ್ತದೆ.

ಇನ್ನು, ಸಿಂಧನೂರಿನಲ್ಲಿ ನಾಮಫಲಕಗಳನ್ನು ಬರೆದು ಜೀವಿಸುವ ಒಬ್ಬ ಚಿತ್ರಕಾರನನ್ನು ಕಲ್ಪಿಸಿಕೊಳ್ಳಿರಿ. ಹರೆಯದಲ್ಲಿ ತೈಲವರ್ಣವನ್ನು ಶ್ರದ್ಧೆಯಿಂದ ಕಲಿತವನು. ಯಂತ್ರದಲ್ಲಿ ಮುದ್ರಿಸುವ ಫ್ಲೆಕ್ಸ್ ಹಾಳೆಗಳು ಬಂದ ಮೇಲೆ ಅವನ ಕುಂಚಕ್ಕೆ ಕೆಲಸ ಕಡಿಮೆಯಾಗಿದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯಿಂದ ಬತ್ತದ ಸೀಮೆಯಾದ ಆ ಪಟ್ಟಣದಲ್ಲಿ ಹಣಕ್ಕೆ ಕೊರತೆಯಿಲ್ಲ. ಆದರೆ ಒಂದು ಮುಖಕ್ಕಾಗಿ ತಿಂಗಳುಗಟ್ಟಲೆ ಕಾಯುವವರು ಕಡಿಮೆ. ಹೀಗಿರಲು, ಮಸ್ಕಿಯ ಕಡೆಯ ಹಳ್ಳಿಯೊಂದರಿಂದ ಒಬ್ಬ ರೈತನು ಬಂದು, ತನ್ನ ತಾಯಿಯ ಚಿತ್ರವನ್ನು ಬರೆದುಕೊಡಬೇಕೆಂದು ಹೇಳಿ, ಗುರುತಿನ ಚೀಟಿಯ ಪುಟ್ಟ ಭಾವಚಿತ್ರವನ್ನು ಮುಂದಿಡುತ್ತಾನೆ. ತಾಯಿ ಇದ್ದಾಳೆಯೇ ಎಂದು ಚಿತ್ರಕಾರನು ಕೇಳುತ್ತಾನೆ. ಇದ್ದಾಳೆ, ಎಪ್ಪತ್ತು ದಾಟಿದೆ. ಹಾಗಾದರೆ ಆಕೆಯನ್ನೇ ಕರೆದುಕೊಂಡು ಬರಬೇಕೆಂದು ಅವನು ಹೇಳುತ್ತಾನೆ.

ಛಾಯಾಚಿತ್ರವಿರುವಾಗ ಮನುಷ್ಯರೇ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಗುರುತಿನ ಚೀಟಿಯ ಚಿತ್ರವು ಒಂದು ಕ್ಷಣದ್ದು. ಆ ಕ್ಷಣದಲ್ಲಿ ಆಕೆ ಹೆದರಿ ಉಸಿರು ಬಿಗಿಹಿಡಿದಿದ್ದಳು. ನೇರವಾದ ಬೆಳಕು ಮುಖದ ಏರುತಗ್ಗುಗಳನ್ನೆಲ್ಲ ಅಳಿಸಿತ್ತು. ಎದುರಿಗೆ ಕುಳಿತವರನ್ನು ಹಲವು ದಿನ ನೋಡಿ ಬರೆದ ಚಿತ್ರದಲ್ಲಿ ಹಾಗಾಗುವುದಿಲ್ಲ. ಅದರಲ್ಲಿ ದಣಿದ ಮುಖ, ಮಾತಾಡುವ ಮುಖ, ಏನನ್ನೋ ನೆನೆಯುತ್ತ ಸುಮ್ಮನಾದ ಮುಖ, ಎಲ್ಲವೂ ಒಂದರ ಮೇಲೊಂದು ಸೇರಿ ನಿಲ್ಲುತ್ತವೆ. ‘ಪ್ರಿಯದರ್ಶಿ’ ಎಂಬ ಮಾತಿಗೆ ನೋಡಲು ಪ್ರಿಯನಾದವನು ಎಂದೂ, ಪ್ರೀತಿಯಿಂದ ನೋಡುವವನು ಎಂದೂ ಅರ್ಥ ಹೇಳುವುದುಂಟು. ಮುಖವನ್ನು ಬರೆಯುವವನಿಗೆ ಎರಡನೆಯ ಅರ್ಥವೇ ಸಾಕು.

ಮೊದಲ ದಿನ ಚಿತ್ರಕಾರನು ಬಣ್ಣವನ್ನು ಮುಟ್ಟುವುದೇ ಇಲ್ಲ. ಉತ್ತರದ ಕಿಟಕಿಯ ಪಕ್ಕದಲ್ಲಿ ವೃದ್ಧೆಯನ್ನು ಕೂಡಿಸುತ್ತಾನೆ. ಉತ್ತರದ ಬೆಳಕಿನಲ್ಲಿ ನೇರ ಬಿಸಿಲು ಬೀಳದು. ಆದುದರಿಂದ ನೆರಳುಗಳು ಗಳಿಗೆಗೊಮ್ಮೆ ಜಾಗ ಬದಲಿಸವು. ಆಕೆಯೊಡನೆ ಮಳೆಯ ವಿಷಯ, ಮೊಮ್ಮಕ್ಕಳ ವಿಷಯ ಮಾತನಾಡುತ್ತ ಇದ್ದಲಿನಿಂದ ಕಾಗದದ ಮೇಲೆ ಗೆರೆ ಎಳೆಯುತ್ತಾನೆ. ತೋಳನ್ನು ನೀಟಾಗಿ ಚಾಚಿ, ಕುಂಚದ ಹಿಡಿಯಿಂದ ಅಳೆಯುತ್ತಾನೆ. ಕಲಿಯದವರು ಕಣ್ಣುಗಳನ್ನು ತಲೆಯ ಮೇಲ್ಭಾಗಕ್ಕೆ ಹತ್ತಿರವಾಗಿ ಬರೆದುಬಿಡುತ್ತಾರೆ. ನಿಜವಾಗಿ ನೋಡಿದರೆ ನೆತ್ತಿಗೂ ಗಲ್ಲಕ್ಕೂ ಸರಿಸುಮಾರು ನಡುವೆ ಕಣ್ಣುಗಳಿರುತ್ತವೆ. ತಿಳಿದಿದ್ದೇನೆಂದುಕೊಂಡದ್ದನ್ನು ಬಿಟ್ಟು, ಎದುರಿಗೆ ಇರುವುದನ್ನು ಬರೆಯುವುದು ಈ ವಿದ್ಯೆಯ ಮೊದಲ ಪಾಠ. ಕಡೆಯ ಪಾಠವೂ ಅದೇ.

ಎರಡನೆಯ ಸಲ ಕುಳಿತಾಗ ಕಂದುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುವಾಗಿ ಕದಡಿ, ಬೆಳಕು ನೆರಳುಗಳನ್ನು ಮಾತ್ರ ಗುರುತಿಸುತ್ತಾನೆ. ಆಗ ಅವನು ಕಣ್ಣನ್ನು ಅರೆಮುಚ್ಚಿ ನೋಡುತ್ತಾನೆ. ಹಾಗೆ ನೋಡಿದಾಗ ರೆಪ್ಪೆ, ಹುಬ್ಬು, ಸುಕ್ಕು ಮುಂತಾದ ಸಣ್ಣ ವಿವರಗಳು ಮರೆಯಾಗಿ, ಮುಖವು ನಾಲ್ಕೈದು ದೊಡ್ಡ ಭಾಗಗಳಾಗಿ ತೋರುತ್ತದೆ. ಈ ಭಾಗಗಳು ಸರಿಯಾಗಿದ್ದರೆ ಕಣ್ಣು ಬಾಯಿಗಳನ್ನು ಬರೆಯುವ ಮೊದಲೇ ದೂರದಿಂದ ಗುರುತು ಸಿಗುತ್ತದೆ. ಅವು ತಪ್ಪಿದ್ದರೆ, ರೆಪ್ಪೆಯ ಕೂದಲನ್ನು ಎಣಿಸಿ ಬರೆದರೂ ಗುರುತು ಸಿಗದು. ಬೀದಿಯ ತುದಿಯಲ್ಲಿ ಬರುವ ಮನೆಯವರನ್ನು ಮಕ್ಕಳು ಗುರುತಿಸುವುದು ಕಣ್ಣಿನ ಬಣ್ಣದಿಂದಲ್ಲವಷ್ಟೆ.

ಅನಂತರ ಬಣ್ಣದ ಸರದಿ. ಮೈಬಣ್ಣ ಎಂಬ ಒಂದು ಬಣ್ಣವು ಯಾವ ಕೊಳವೆಯಲ್ಲಿಯೂ ಸಿಗುವುದಿಲ್ಲ. ಸ್ವೀಡನ್ನಿನ ಪ್ರಸಿದ್ಧ ಚಿತ್ರಕಾರ ಆಂಡರ್ಸ್ ಝೋರ್ನ್ ಬಿಳಿ, ಹಳದಿ ಮಣ್ಣು, ಹಿಂಗುಲಿಕದ ಕೆಂಪು, ಕಪ್ಪು ಎಂಬ ನಾಲ್ಕರಿಂದಲೇ ಎಷ್ಟೋ ಮುಖಗಳನ್ನು ಬರೆದನೆಂದು ಹೆಸರು ಪಡೆದಿದ್ದಾನೆ. ಸಿಂಧನೂರಿನ ಚಿತ್ರಕಾರನ ಫಲಕದ ಮೇಲೂ ಹೆಚ್ಚು ಬಣ್ಣಗಳಿಲ್ಲ. ಬಿಸಿಲಿನಲ್ಲಿ ದುಡಿದ ಕಪ್ಪು ಮೈಯನ್ನು ಬರೆಯಲು ಕಪ್ಪುಬಣ್ಣವನ್ನು ಬಳಿದರೆ ಇದ್ದಿಲಿನ ಗೊಂಬೆಯಾದೀತು. ನೋಡಬಲ್ಲವನಿಗೆ ಆ ಮೈಯಲ್ಲಿ ನೂರು ಛಾಯೆಗಳುಂಟು. ಹಣೆಯ ಉಬ್ಬಿನ ಮೇಲೆ ಕಿಟಕಿಯ ಆಕಾಶ ಬಿದ್ದು ತಣ್ಣನೆಯ ನೀಲಿ ಮಿನುಗುತ್ತದೆ. ಕೆನ್ನೆಯ ಮೂಳೆಯ ಬಳಿ ತಾಮ್ರ, ಅದರ ಕೆಳಗೆ ಮಾಗಿದ ನೇರಳೆ. ಗಲ್ಲದ ಅಡಿಯಲ್ಲಿ, ಉಟ್ಟ ಇಳಕಲ್ಲ ಸೀರೆಯ ಕೆಂಪು ಸೆರಗಿನ ಬೆಳಕು ಹಾರಿ, ನೆರಳಿಗೇ ಬಿಸುಪು ಬಂದಿರುತ್ತದೆ. ಕಪ್ಪಿಗೆ ಬಿಳಿಯನ್ನು ಬೆರಸಿದರೆ ನೀಲಿಯಂತೆ ತೋರುತ್ತದೆ. ಕಪ್ಪಿಗೆ ಹಳದಿ ಮಣ್ಣನ್ನು ಬೆರಸಿದರೆ ಹಸುರಿನಂತೆ ತೋರುತ್ತದೆ. ಯಾವ ಬಣ್ಣವೂ ಒಂಟಿಯಾಗಿ ತನ್ನ ಗುಣವನ್ನು ಹೇಳದು. ನೆರೆಯ ಬಣ್ಣವೇ ಅದನ್ನು ಹೇಳಿಸುತ್ತದೆ.

ಕೆಲಸ ಅರ್ಧಕ್ಕೆ ಬಂದಾಗ ಮಗನು ನೋಡಲು ಬರುತ್ತಾನೆ. ಚಿತ್ರವನ್ನು ಕಂಡು ಅವನ ಮುಖ ಸಣ್ಣದಾಗುತ್ತದೆ. ಅವನು ಕೇಳುವುದು ಮೂರು ಬದಲಾವಣೆಗಳು. ತಾಯಿಯ ಬಣ್ಣವನ್ನು ತುಸು ತಿಳಿಮಾಡಬೇಕು. ಕೊರಳಿಗೆ ಒಂದು ಚಿನ್ನದ ಸರ ಬರೆಯಬೇಕು. ಮೂರನೆಯದನ್ನು ಅವನು ದನಿ ತಗ್ಗಿಸಿ ಹೇಳುತ್ತಾನೆ: ಮುಖದ ಮೇಲಿನ ಸಿಡುಬಿನ ಕಲೆಗಳನ್ನು ತೆಗೆದುಬಿಡಬೇಕು.

ಮಗನನ್ನು ಹಳಿಯುವುದು ನ್ಯಾಯವಲ್ಲ. ತಾಯಿಯ ಮೇಲಿನ ಗೌರವದಿಂದಲೇ ಅವನು ಹಾಗೆ ಕೇಳುತ್ತಾನೆ. ಹುಟ್ಟಿದಂದಿನಿಂದ ಅವನು ಗೋಡೆಯ ಮೇಲೆ ಕಂಡದ್ದು ಕ್ಯಾಲೆಂಡರಿನ ದೇವತೆಗಳನ್ನು. ಗೋಡೆಯನ್ನು ಏರುವ ಮುಖವೆಂದರೆ ಬೆಳ್ಳಗೆ, ನುಣ್ಣಗೆ, ಆಭರಣ ತೊಟ್ಟು ಇರಬೇಕೆಂಬುದು ಅವನೊಬ್ಬನ ಎಣಿಕೆಯಲ್ಲ, ನಾಡಿನ ಎಣಿಕೆ. ತಿರುಮಲೆಯ ಶಿಲ್ಪಿಯು ಚಕ್ರವರ್ತಿಗೆ ಮಾಡಿದ ಉಪಚಾರವನ್ನೇ ಈ ರೈತನು ತನ್ನ ತಾಯಿಗೂ ಬೇಡುತ್ತಿದ್ದಾನೆ. ಚಿತ್ರಕಾರನಿಗೂ ಇದು ಸುಲಭದ ಸಮಯವಲ್ಲ. ಬಿಳಿಯನ್ನು ಸ್ವಲ್ಪ ಹೆಚ್ಚು ಬೆರಸಲು ಒಂದು ಗಂಟೆ ಸಾಕು. ಒಪ್ಪದಿದ್ದರೆ ಹಲವು ವಾರಗಳ ದುಡಿಮೆಯ ಹಣ ಕೈಬಿಟ್ಟುಹೋಗಬಹುದು. ಪಕ್ಕದ ಅಂಗಡಿಯ ಕಂಪ್ಯೂಟರು ಮಗನು ಕೇಳಿದ ಮೂರನ್ನೂ ಐದು ನಿಮಿಷದಲ್ಲಿ ಮಾಡಿಕೊಡುತ್ತದೆಂಬುದು ಇಬ್ಬರಿಗೂ ಗೊತ್ತು.

ಸಿಡುಬಿನ ಕಲೆಯನ್ನು ಬರೆಯುವ ಬಗೆಯನ್ನು ಇಲ್ಲಿ ಗಮನಿಸಬೇಕು. ಕಲೆಯೆಂದರೆ ಚುಕ್ಕೆಯಲ್ಲ, ಅದು ಚರ್ಮದಲ್ಲಿನ ಸಣ್ಣ ಕುಳಿ. ಬೆಳಕು ಬರುವ ಕಡೆಯ ಅಂಚಿನಲ್ಲಿ ಅದಕ್ಕೆ ನೆರಳಿರುತ್ತದೆ. ಎದುರಿನ ಅಂಚು ಬೆಳಕನ್ನು ಹಿಡಿಯುತ್ತದೆ. ಮುಖದ ನೆರಳಿನ ಭಾಗದಲ್ಲಿ ಕುಳಿಗಳು ಕಾಣುವುದೇ ಇಲ್ಲ. ಬೆಳಕು ನೆರಳಿನತ್ತ ತಿರುಗುವ ಕೆನ್ನೆಯ ಭಾಗದಲ್ಲಿ ಅವು ಹೆಚ್ಚು ಸ್ಪಷ್ಟ. ಎಲ್ಲವನ್ನೂ ಬರೆಯಬೇಕಾಗಿಲ್ಲ. ಇರುವ ಕಡೆ ಏಳೆಂಟನ್ನು ಸರಿಯಾಗಿ ಬರೆದರೆ ಉಳಿದವನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಹೀಗೆ ಬರೆದಾಗ ಕಲೆಗಳು ಮುಖವನ್ನು ಕೆಡಿಸುವುದಿಲ್ಲ. ಕೆನ್ನೆಯ ದುಂಡನ್ನು ಎತ್ತಿ ತೋರಿಸುತ್ತವೆ. ಅವನ್ನು ಅಳಿಸಿದರೆ, ಅವುಗಳೊಡನೆ ಆ ಕೆನ್ನೆಯೂ ಆ ಬೆಳಕೂ ಅಳಿಯುತ್ತವೆ. ಉಳಿಯುವುದು ಯಾರದೋ ಮುಖ. ಅದು ಯಾರದೆಂದು ತಿಳಿಸಲು ಅಡಿಯಲ್ಲಿ ಹೆಸರು ಬರೆಯಬೇಕಾಗುತ್ತದೆ.

ಚಿತ್ರಕಾರನು ಇಷ್ಟನ್ನೂ ಮಗನಿಗೆ ಹೇಳುತ್ತಾನೆ. ಮಗನು ಒಪ್ಪುವುದಿಲ್ಲ. ಬಂದವರು ಕಲೆಗಳನ್ನೇ ನೋಡುತ್ತಾರೆ ಎನ್ನುತ್ತಾನೆ. ಅದುವರೆಗೆ ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದ ವೃದ್ಧೆ ಆಗ ಎದ್ದು ಬಂದು ಚಿತ್ರದ ಮುಂದೆ ನಿಲ್ಲುತ್ತಾಳೆ. ತನ್ನ ಮುಖವನ್ನು ಆಕೆ ಕನ್ನಡಿಯಲ್ಲಿ ಎಡಬಲ ತಿರುಗಿದಂತೆ ಮಾತ್ರ ಕಂಡವಳು. ಊರವರೆಲ್ಲ ದಿನವೂ ಕಾಣುವ ಆ ಮುಖ ಆಕೆಗೇ ಹೊಸತು. ಬಹಳ ಹೊತ್ತು ನೋಡುತ್ತಾಳೆ. ಬಳಿಕ ಆಕೆ ಹೇಳುವ ಮಾತು ಚಿಕ್ಕದು: “ಆ ಬ್ಯಾನ್ಯಾಗ ನನ್ನ ತಮ್ಮ ಹೋದ, ನಾ ಉಳದೆ. ಇದ್ದದ್ದು ಇದ್ದಾಂಗ ಇರಲಿ.” ಸರದ ಮಾತು ಬಂದಾಗ, ಕಾಲುವೆಯ ನೀರು ಬರುವಂತೆ ಹೊಲವನ್ನು ಮಟ್ಟಮಾಡಲು ಅದನ್ನು ಮಾರಿದೆವಲ್ಲ ಎಂದು ಮಗನಿಗೇ ನೆನಪು ಮಾಡಿಕೊಡುತ್ತಾಳೆ.

ಆಕೆಯ ಆ ಬೇನೆ ಸಾಮಾನ್ಯವಾದುದಲ್ಲ. ಸಾವಿರಾರು ವರ್ಷಗಳ ಕಾಲ ಅದು ಅರಸರನ್ನೂ ಆಳುಗಳನ್ನೂ ಒಂದೇ ರೀತಿಯಲ್ಲಿ ಕಾಡಿತು. ಬದುಕಿ ಉಳಿದವರಲ್ಲಿ ಅನೇಕರು ಕಣ್ಣು ಕಳೆದುಕೊಂಡರು; ಬಹುಮಂದಿ ಮುಖದ ಮೇಲೆ ಗುರುತು ಹೊತ್ತರು. ಹಳ್ಳಿಹಳ್ಳಿಗೆ, ಮನೆಮನೆಗೆ ತಿರುಗಿದ ಆರೋಗ್ಯ ಕಾರ್ಯಕರ್ತರ ದುಡಿಮೆಯಿಂದ ಭಾರತದಲ್ಲಿ ಸಿಡುಬಿನ ಕಡೆಯ ಪ್ರಕರಣ 1975ರಲ್ಲಿ ಕಂಡುಬಂದು, 1977ರಲ್ಲಿ ದೇಶವು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. 1980ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಾರಿತು. ಅನಂತರ ಹುಟ್ಟಿದ ಯಾವ ಮಗುವಿನ ಮುಖದ ಮೇಲೂ ಆ ಗುರುತಿಲ್ಲ. ಕೃಷ್ಣದೇವರಾಯನ ಕೆನ್ನೆಯ ಮೇಲೆ ಪಾಯೆಸನು ಕಂಡದ್ದನ್ನು ಈಗ ಹಿರಿಯರ ಕೆನ್ನೆಗಳ ಮೇಲೆ ಮಾತ್ರ ಕಾಣಬಹುದು. ಆ ತಲೆಮಾರು ಮುಗಿದ ಮೇಲೆ ಯಾವ ಚಿತ್ರಕಾರನೂ ಅದನ್ನು ಎದುರಿಗೆ ಕೂಡಿಸಿಕೊಂಡು ಬರೆಯಲಾರನು.

ಹೀಗಿರುವಾಗ, ಇದ್ದಂತೆ ಬರೆಯುವುದೆಂದ ಮಾತ್ರಕ್ಕೆ ಅದು ಕರುಣೆಯಿಲ್ಲದ ಕೆಲಸವೆಂದು ಭಾವಿಸಬಾರದು. ತಿದ್ದಿ ಬರೆಯುವವನು, ಈ ಮುಖ ಹೀಗಿದ್ದರೆ ಸಾಲದು ಎಂದು ಮೊದಲು ತೀರ್ಮಾನಿಸಿರುತ್ತಾನೆ. ಇದ್ದಂತೆ ಬರೆಯುವವನಿಗೆ ಅಂಥ ತೀರ್ಮಾನದ ಹಂಗಿಲ್ಲ. ಮಸ್ಕಿಯ ಕಡೆಯ ಹಳ್ಳಿಯ ಒಬ್ಬ ಒಕ್ಕಲುಗಿತ್ತಿಯ ಮುಖವು, ಬಿಳುಪಿನ ಸಹಾಯವಾಗಲಿ ಬಂಗಾರದ ಸಹಾಯವಾಗಲಿ ಇಲ್ಲದೆ, ನೋಡುವುದಕ್ಕೆ ಯೋಗ್ಯವಾದುದೆಂದು ಅವನು ಒಪ್ಪಿರುತ್ತಾನೆ. ಹಲವು ವಾರ ಅದನ್ನು ನೋಡುತ್ತ ಕುಳಿತದ್ದೇ ಅದಕ್ಕೆ ಸಾಕ್ಷಿ. ಇದು ಹೊಗಳಿಕೆಗಿಂತ ಕಷ್ಟದ ಗೌರವ.

ಉಳಿದ ಕೆಲಸ ಮುಗಿಯಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಚಿತ್ರಕಾರನು ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಒಂದು ಕಣ್ಣು ತುಸು ಕೆಳಗಿಳಿದುದನ್ನು ಕಂಡು ಸರಿಪಡಿಸುತ್ತಾನೆ. ಕಪ್ಪುಗುಡ್ಡೆಯ ಮೇಲೆ ಕಿಟಕಿಯ ಬೆಳಕಿನ ಚಿಕ್ಕ ಚುಕ್ಕೆಯನ್ನು ಕಡೆಯಲ್ಲಿ ಇಡುತ್ತಾನೆ. ಎರಡು ಕಣ್ಣುಗಳಲ್ಲಿಯೂ ಅದು ಒಂದೇ ಕಡೆಯಿಂದ ಬಂದಂತಿರಬೇಕು. ಬಿಳಿಯ ಗುಡ್ಡೆಯನ್ನು ಬಿಳಿಯಾಗಿ ಬರೆಯದೆ, ರೆಪ್ಪೆಯ ನೆರಳಿಗೆ ತಕ್ಕಂತೆ ಬೂದುಬಣ್ಣದಲ್ಲಿ ಬರೆಯುತ್ತಾನೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿಯುವುದೇ ಈ ಹಂತದ ಕಷ್ಟ. ಸೆರಗಿನ ಒಂದೊಂದು ಎಳೆಯನ್ನೂ ಬರೆಯಹೋದರೆ ನೋಟವು ಮುಖದಿಂದ ಜಾರಿ ಸೀರೆಗೆ ಹೋಗುತ್ತದೆ. ಆದುದರಿಂದ ಸೀರೆಯನ್ನು ನಾಲ್ಕಾರು ಅಗಲವಾದ ಎಳೆತಗಳಲ್ಲಿ ಬಿಟ್ಟು, ಕುಂಚವನ್ನು ಕೆಳಗಿಡುತ್ತಾನೆ.

ಮಗನು ಮತ್ತೆ ವಾದಿಸುವುದಿಲ್ಲ. ಮನಸ್ಸು ಪೂರ್ಣವಾಗಿ ಒಪ್ಪಿತೆಂದು ಹೇಳಲಾಗದು. ಉಳಿದ ಹಣವನ್ನು ಕೊಡಲು ಸುಗ್ಗಿಯವರೆಗೆ ಸಮಯ ಕೇಳುತ್ತಾನೆ; ಚಿತ್ರಕಾರನು ಒಪ್ಪುತ್ತಾನೆ. ಹೇಗೂ ಬಣ್ಣವು ಒಳಗಿನಿಂದ ಗಟ್ಟಿಯಾಗಿ ವಾರ್ನಿಷು ಬಳಿಯಲು ಆರು ತಿಂಗಳಾದರೂ ಬೇಕು. ಬಿಸಿಲು ನೇರವಾಗಿ ಬೀಳುವ ಗೋಡೆಗೆ ತೂಗುಹಾಕಬಾರದು, ಒಲೆಯ ಹೊಗೆ ತಾಗಬಾರದು, ಧೂಳು ಹಿಡಿಯಿತೆಂದು ಒದ್ದೆ ಬಟ್ಟೆಯಿಂದ ಒರೆಸಬಾರದು ಎಂದು ಅವನು ತಿಳಿಸಿ ಹೇಳುತ್ತಾನೆ. ಹಾಗೆಂದು ಕತ್ತಲೆಯಲ್ಲಿ ಮುಚ್ಚಿಡಲೂ ಬಾರದು. ಅಗಸೆಯ ಎಣ್ಣೆ ಕತ್ತಲೆಯಲ್ಲಿ ಹಳದಿಗೆ ತಿರುಗುತ್ತದೆ. ಬೆಳಕಿಗೆ ತಂದಿಟ್ಟರೆ ಮತ್ತೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಚೆನ್ನಾಗಿ ಬರೆದು ಜೋಪಾನ ಮಾಡಿದ ತೈಲಚಿತ್ರವು ನೂರಾರು ವರ್ಷ ಬಾಳುತ್ತದೆ. ಆ ಹಳ್ಳಿಯ ಮನೆಯಲ್ಲಿ ಹುಟ್ಟುವ ಮಕ್ಕಳು ಒಂದು ದಿನ ಚಿತ್ರವನ್ನು ನೋಡುತ್ತ, ಅಜ್ಜಿಯ ಕೆನ್ನೆಯ ಮೇಲಿರುವ ಆ ಕುಳಿಗಳು ಏನೆಂದು ಕೇಳುತ್ತಾರೆ. ಮನೆಯ ಹಿರಿಯರು ಆಗ ಸಿಡುಬಿನ ಮಾತನ್ನು ಹೇಳಬೇಕಾಗುತ್ತದೆ; ಬದುಕಿ ಉಳಿದ ಅಕ್ಕನ ಮಾತನ್ನೂ, ಉಳಿಯದೆ ಹೋದ ತಮ್ಮನ ಮಾತನ್ನೂ ಹೇಳಬೇಕಾಗುತ್ತದೆ. ಆ ತಮ್ಮನ ಮುಖವನ್ನು ಯಾರೂ ಬರೆದಿಲ್ಲ.